ಬಿಷಪ್ಪರ ಮೂಳೆ

ಕೆಳದವಡೆಯ ಎಡಬದಿಯ ಹಲ್ಲೊಂದು ಅಲ್ಲಾಡುತ್ತಿತ್ತು. ಬೆಳಗಿನ ಕೀರ್ತನೆಯಲ್ಲಿ ಉಳಿದವರೆಲ್ಲ ದೇವರನ್ನು ಬಂಡೆಯೆಂದೂ ಕೋಟೆಯೆಂದೂ ಕೊಂಡಾಡುತ್ತಿದ್ದರೆ, ಬಿಷಪ್ ಕೊಲ್ಗುವಿನ ನಾಲಿಗೆ ಬಿಡುವು ಸಿಕ್ಕಾಗಲೆಲ್ಲ ಆ ಹಲ್ಲಿನ ಬುಡಕ್ಕೆ ಹೋಗಿ ಅದನ್ನೊಮ್ಮೆ ತೂಗಿ ವಾಪಸು ಬರುತ್ತಿತ್ತು. ಬಂಡೆ ಎಂದಾಗ ಒಂದು ಸಲ, ಕೋಟೆ ಎಂದಾಗ ಇನ್ನೊಂದು ಸಲ. ನೋವೇನೂ ಇರಲಿಲ್ಲ. ತುರಿಸಿಕೊಂಡಾಗಿನಂಥ ಸುಖವಿತ್ತು, ಆ ಸುಖದ ಬಗ್ಗೆ ಸ್ವಲ್ಪ ನಾಚಿಕೆಯೂ ಇತ್ತು. ಮರದ ಚರ್ಚಿನೊಳಗೆ ಒದ್ದೆ ಉಣ್ಣೆಯ ವಾಸನೆ, ಜೇನುಮೇಣದ ವಾಸನೆ, ಅವೆಲ್ಲದರ ಅಡಿಯಿಂದ ಮೆಲ್ಲಗೆ, ಪಾಪ ನುಸುಳುವ ಹಾಗೆ, ಅಡುಗೆಮನೆಯ ಓಟ್ಸ್ ಗಂಜಿಯ ವಾಸನೆ. ಗಂಜಿಗೆ ಮಜ್ಜಿಗೆ ಬೆರೆಸಿದರೆ ಹಲ್ಲಿನ ಕೆಲಸವೇ ಇಲ್ಲ. ಹಲ್ಲಿನ ಕೆಲಸವಿಲ್ಲದ ಊಟವನ್ನು ದೇವರು ಮುದುಕರಿಗಾಗಿಯೇ ಮಾಡಿಟ್ಟಿದ್ದಾನೆ ಎಂದು ಯೋಚಿಸುತ್ತ ಅವನು ಒಂದು ಸಾಲು ತಪ್ಪಿದ. ಪಕ್ಕದಲ್ಲಿದ್ದ ಮಠಾಧಿಪತಿ ಸಿಲ್ಲಾನ್ ಕೂಡಲೇ ದನಿ ಏರಿಸಿ ಆ ಸಾಲನ್ನು ಎತ್ತಿಕೊಂಡ. ಸಿಲ್ಲಾನ್ ಹಾಗೆಯೇ. ಬಿಷಪ್ಪನ ಕೈಯಿಂದ ಏನು ಬಿದ್ದರೂ ನೆಲ ಮುಟ್ಟುವ ಮೊದಲೇ ಹಿಡಿಯುತ್ತಾನೆ. ಬಿಷಪ್ಪನ ನೆತ್ತಿ ಬೋಳಿಸಿದ ದಿನ ಬಿದ್ದ ಕೂದಲು ಗುಡಿಸುವವರ ಕೈಗೆ ಸಿಗುವುದಿಲ್ಲ. ಅದೆಲ್ಲಿ ಹೋಗುತ್ತದೆಂದು ಕೊಲ್ಗು ಒಮ್ಮೆ ಕೇಳಿದ್ದಕ್ಕೆ ಸಿಲ್ಲಾನ್ ಕಣ್ಣು ತಗ್ಗಿಸಿ, "ಅದರ ಚಿಂತೆ ನಿಮಗೇಕೆ ಗುರುಗಳೇ, ಜೋಪಾನವಾಗಿದೆ" ಎಂದಿದ್ದ. ಜೋಪಾನ ಎಂಬ ಮಾತು ಕೇಳಿ ಬೋಳುನೆತ್ತಿಯ ಮೇಲೆ ತಣ್ಣನೆ ಗಾಳಿ ಆಡಿದಂತಾಗಿತ್ತು.

ಕೊಲ್ಗುವನ್ನು ಬಿಷಪ್ ಮಾಡಿದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಹಳೆಯ ಬಿಷಪ್ಪರು ತೀರಿಕೊಂಡಾಗ ಎರಡು ಕುಲದವರು ತಮ್ಮ ತಮ್ಮವನನ್ನು ತರಬೇಕೆಂದು ಬಡಿದಾಡಿಕೊಂಡರು. ಕಡೆಗೆ ಯಾರ ದೂರೂ ಇಲ್ಲದ ಒಬ್ಬನನ್ನು ಹುಡುಕೋಣ ಎಂದಾಗ ಗ್ರಂಥ ಬರೆಯುವ ಕರುಚರ್ಮ ಹದ ಮಾಡುತ್ತ ಮಠದ ಒಂದು ಮೂಲೆಯಲ್ಲಿದ್ದ ಕೊಲ್ಗು ಕಣ್ಣಿಗೆ ಬಿದ್ದ. ಅವನ ಮೇಲೆ ಯಾರಿಗೂ ದೂರಿಲ್ಲ. ಅದೇ ಅವನ ಅರ್ಹತೆ. ಅಂದಿನಿಂದ ಇಂದಿನವರೆಗೂ ಅವನು ಆ ಒಂದು ಅರ್ಹತೆಯನ್ನು ತುಂಬಿದ ಗಡಿಗೆಯ ಹಾಗೆ ತುಳುಕದಂತೆ ಹೊತ್ತುಕೊಂಡು ನಡೆದಿದ್ದ.

ಕೀರ್ತನೆ ಮುಗಿಸಿ ಹೊರಗೆ ಬಂದರೆ ಅಡುಗೆಯ ಬ್ರೊಕಾನ್, ಸೌಟನ್ನು ಕೆಳಗಿಡುವುದನ್ನೂ ಮರೆತು, ಕೆಸರಿನಲ್ಲಿ ಓಡಿಬಂದ.

"ಸ್ವಾಮಿಗಳೇ, ಬಾಯಿಗೆ ಏನಾದ್ರೂ ಹಾಕ್ಕೊಂಡ್ರಾ?"

"ಎಲ್ಲಿಂದ ಹಾಕ್ಕೊಳ್ಳಲಿ? ಸೌಟು ನಿನ್ನ ಕೈಯಲ್ಲೇ ಇದೆಯಲ್ಲ."

"ಸದ್ಯ. ಹಾಕ್ಕೋಬೇಡಿ. ನಿಮ್ಮ ಬಾಗಿಲಲ್ಲಿ ಒಬ್ಳು ಮುದುಕಿ ಕೂತವ್ಳೆ."

"ಕೂತಿದ್ರೆ ಒಳಗೆ ಕರೆದು ಗಂಜಿ ಕೊಡೋ, ಪಾಪ."

"ಗಂಜಿ ಬೇಡ ಅಂತ್ಲೇ ಕೂತಿರೋದು. ನಿಮ್ಮ ಮೇಲೆ ಉಪವಾಸ ಕೂತವ್ಳೆ."

ದೊಡ್ಡವರ ಮೇಲೆ ದೂರಿರುವ ಸಣ್ಣವರು ಎಲ್ಲಿಗೆ ಹೋಗಬೇಕು? ರಾಜನ ಹತ್ತಿರ ಹೋದರೆ ರಾಜನೂ ದೊಡ್ಡವನೇ. ಅದಕ್ಕೇ ನಮ್ಮಲ್ಲಿ ಹಿಂದಿನಿಂದಲೂ ಇದೊಂದು ದಾರಿಯಿದೆ. ದೊಡ್ಡವನ ಬಾಗಿಲಲ್ಲಿ ಹಸಿದು ಕೂರುವುದು. ಹೊರಗೆ ಕೂತವರು ಹಸಿದಿರುವಾಗ ಒಳಗಿನವನು ಒಂದು ತುತ್ತು ನುಂಗಿದರೂ ಅವನ ಮಾನ ಹೋಯಿತು. ಆಮೇಲೆ ಅವನ ಸಾಕ್ಷಿಗೆ ಬೆಲೆಯಿಲ್ಲ, ಅವನ ಆಶೀರ್ವಾದಕ್ಕೆ ಯಾರೂ ತಲೆ ಬಾಗಿಸುವುದಿಲ್ಲ. ಕೇಳಿದ್ದನ್ನು ಕೊಟ್ಟು ಎಬ್ಬಿಸಬೇಕು, ಇಲ್ಲವೇ ಕೊಡುತ್ತೇನೆಂದು ಒತ್ತೆ ಇಟ್ಟು ಎಬ್ಬಿಸಬೇಕು. ಒತ್ತೆ ಕೂಡ ಕೇಳಿದ ವಸ್ತುವಿನ ಜಾತಿಯದೇ ಆಗಿರಬೇಕು: ಹಸು ಕೇಳಿದವರಿಗೆ ಕರು, ಹೊಲ ಕೇಳಿದವರಿಗೆ ಆ ಹೊಲದ ಮಣ್ಣಿನ ಹೆಂಟೆ. ಒತ್ತೆ ಕೈಗೆ ಬಂತೋ, ಉಪವಾಸ ಮುರಿಯಲೇಬೇಕು. ರಾಜರ ಬಾಗಿಲಲ್ಲಿ, ಕುಲದ ಯಜಮಾನರ ಬಾಗಿಲಲ್ಲಿ ಹೀಗೆ ಕೂತವರನ್ನು ಕೊಲ್ಗು ಎಷ್ಟೋ ನೋಡಿದ್ದ. ಹಾದುಹೋಗುವಾಗ ಅಯ್ಯೋ ಎಂದಿದ್ದ. ತನ್ನ ಬಾಗಿಲಲ್ಲಿ ಎಂದರೆ?

ಚರ್ಚಿನಿಂದ ಅವನ ಗುಡಿಸಲಿಗೆ ಇರುವುದು ನಾಲ್ಕು ಮಾರು. ಅಷ್ಟರೊಳಗೆ ಮರೆತೆನೆಂದುಕೊಂಡಿದ್ದ ಮುಖಗಳೆಲ್ಲ ಎದ್ದು ಬಂದವು. ದೀಕ್ಷಾಸ್ನಾನದ ನೀರೆರೆಯುವಾಗ ಮಗುವಿನ ಹೆಸರು ಮರೆತು ಅದರ ಅಣ್ಣನ ಹೆಸರನ್ನೇ ಇಟ್ಟುಬಿಟ್ಟಿದ್ದ, ಆ ಮನೆಯಲ್ಲಿ ಈಗ ಯಾರನ್ನು ಕರೆದರೂ ಇಬ್ಬರು ಬರುತ್ತಾರಂತೆ, ಆ ಮಕ್ಕಳ ತಾಯಿಯೇ? ಬೆಟ್ಟದ ಆಚೆಯಿಂದ ಪಾಪನಿವೇದನೆಗೆ ಬಂದಿದ್ದವಳು ಹೇಳುತ್ತ ಹೇಳುತ್ತ ಇವನಿಗೆ ಜೊಂಪು ಹತ್ತಿ, ಎಚ್ಚರವಾದಾಗ ಯಾವ ಪಾಪವೆಂದು ತಿಳಿಯದೆ ಒಂದು ಹದವಾದ ಪ್ರಾಯಶ್ಚಿತ್ತ ಹೇಳಿ ಕಳಿಸಿದ್ದ, ಅವಳೇ? ಅವಳ ಪಾಪ ಚಿಕ್ಕದಿದ್ದಿದ್ದರೆ? ಅಥವಾ ದೊಡ್ಡದಿದ್ದಿದ್ದರೆ? ನಾಲಿಗೆ ಹಲ್ಲಿಗೆ ಹೋಗಿ ಅಲ್ಲೇ ನಿಂತುಬಿಟ್ಟಿತು.

ಗುಡಿಸಲಿನ ಮುಂದೆ ಒಂದು ಕಲ್ಲಿನ ತೊಟ್ಟಿಯಿತ್ತು. ಅದಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ, ಕಂದು ಕಂಬಳಿ ಹೊದ್ದು ಒಬ್ಬ ಹೆಂಗಸು ಕೂತಿದ್ದಳು. ಉಪವಾಸ ಕೂತವರ ದೀನ ಮುಖವೇ ಅವಳದಲ್ಲ. ಸಂತೆಯಲ್ಲಿ ಒಳ್ಳೆಯ ಜಾಗ ಹಿಡಿದವಳ ಹಾಗೆ ಕೂತಿದ್ದಳು. ಕೊಲ್ಗುವನ್ನು ಕಂಡು ಕಣ್ಣು ಕಿರಿದು ಮಾಡಿದಳು.

"ಏನೋ ಕರೂ, ಇಷ್ಟು ಕುಗ್ಗಿಬಿಟ್ಟಿದ್ದೀಯ?"

ಹಿಂದೆ ಯಾರೋ ಕಿಸಕ್ಕನೆ ನಕ್ಕು ಕೆಮ್ಮಿದಂತೆ ಮಾಡಿದರು. ಚರ್ಚಿನಿಂದ ಹೊರಟ ಸನ್ಯಾಸಿಗಳೆಲ್ಲ ಕೆಲಸಕ್ಕೆ ಹೋಗುವ ದಾರಿಯನ್ನು ಇತ್ತ ತಿರುಗಿಸಿಕೊಂಡಿದ್ದರು. ಕರು. ಆ ಹೆಸರಿನಿಂದ ಅವನನ್ನು ಕರೆಯುವವರು ಈ ಭೂಮಿಯ ಮೇಲೆ ಒಬ್ಬಳೇ ಉಳಿದಿದ್ದಳು. ಲಸ್ಸರ್. ಸಾಕುತಾಯಿಯ ಮಗಳು. ಹೆತ್ತವರು ಅವನನ್ನು ಅರೆನಡಿಗೆಯ ವಯಸ್ಸಿನಲ್ಲಿ ಡ್ರಿಮ್‌ಕೊಲ್ ಊರಿನ ರೋನಾತಳ ಮಡಿಲಿಗೆ ಸಾಕಲು ಹಾಕಿದ್ದರು. ಎಲ್ಲರ ಮನೆಯ ಮಕ್ಕಳೂ ಹೀಗೆ ಇನ್ನೊಂದು ಮನೆಯಲ್ಲಿ ಬೆಳೆಯುವುದೇ. ಹೆತ್ತವಳ ಮುಖ ಅವನಿಗೆ ಸರಿಯಾಗಿ ನೆನಪಿಲ್ಲ. ರೋನಾತಳ ಅಂಗೈಯ ಬೆಣ್ಣೆಯ ವಾಸನೆ ಮಾತ್ರ ಈಗಲೂ ಕೆಲವು ದಿನ ಪೂಜೆಯ ಬಟ್ಟಲು ಎತ್ತುವಾಗ ಎಲ್ಲಿಂದಲೋ ಬಂದು ಹೋಗುತ್ತದೆ. ಚಳಿಗೆ ಕರುಗಳ ನಡುವೆ ನುಸುಳಿ ಮಲಗುತ್ತಿದ್ದನೆಂದು ಆ ಹೆಸರು. ಅವನಿಗಿಂತ ಸ್ವಲ್ಪ ದೊಡ್ಡವಳಾದ ಲಸ್ಸರ್ ಕಿವಿ ಹಿಡಿದು ಎಬ್ಬಿಸುತ್ತಿದ್ದಳು. ಈಗಲೂ ಅವಳ ಕಣ್ಣು ಅವನ ಕಿವಿಯ ಮೇಲೇ ಇತ್ತು.

"ಲಸ್ಸರಕ್ಕ," ಎಂದ. ದನಿ ಬಿಷಪ್ಪನದಾಗಿ ಹೊರಡಲಿಲ್ಲ. "ನೀನಾ? ನನ್ನ ಮೇಲೆ ಯಾಕೆ ಕೂತೆ? ಬಂದು ಕೇಳಿದ್ರೆ ಕೊಡ್ತಿರಲಿಲ್ವ?"

"ಕೇಳೋದೇನು ಅಂತ ಗೊತ್ತಿಲ್ದೆ ಕೊಡ್ತೀನಿ ಅನ್ನಬೇಡ. ಚಿಕ್ಕಂದಿನಿಂದ್ಲೂ ಹಂಗೇ ನೀನು. ಎಲ್ಲದಕ್ಕೂ ಹೂಂ, ಆಮೇಲೆ ಕರುಗಳ ಮಧ್ಯೆ ಅಡಗಿಕೊಳ್ಳೋದು." ಅವಳು ಕಂಬಳಿ ಸರಿಪಡಿಸಿಕೊಂಡು ದೊಡ್ಡ ದನಿಯಲ್ಲಿ, ಸಾಕ್ಷಿಗಳಿಗೆಲ್ಲ ಕೇಳಲೆಂದು, ಹೇಳಿದಳು: "ಡ್ರಿಮ್‌ಕೊಲ್‌ನವರ ಪರವಾಗಿ ಕೂತಿದ್ದೀನಿ. ನೀನು ಸತ್ತ ಮೇಲೆ ನಿನ್ನ ಮೂಳೆ ನಮಗೆ ಬೇಕು."

ಯಾರೂ ನಗಲಿಲ್ಲ. ಬ್ರೊಕಾನ್ ಸೌಟನ್ನು ಎದೆಗೆ ಒತ್ತಿಕೊಂಡ. ಗುಂಪನ್ನು ಸೀಳಿಕೊಂಡು ಮಠಾಧಿಪತಿ ಸಿಲ್ಲಾನ್ ಮುಂದೆ ಬಂದ. ದುಂಡಗಿನ ಒಳ್ಳೆಯ ಮನುಷ್ಯ. ಮಠದ ಒಂದು ಹೆಂಚಿಗೂ ಒಂದು ಹೇಂಟೆಗೂ ತಾನೇ ತಾಯಿ ಎಂಬಂತೆ ಮರುಗುವವನು.

"ತಾಯಿ, ನೀವು ದೂರದಿಂದ ಬಂದಿದ್ದೀರಿ. ಆದರೆ ಇದು ಆಗುವ ಮಾತಲ್ಲ. ಗುರುಗಳು ಈ ಮಠದವರು. ಸತ್ತವರೆಲ್ಲ ಏಳುವ ಕಡೆಯ ದಿನ ಅವರು ಎದ್ದು ನಿಲ್ಲಬೇಕಾದ್ದು ಈ ನೆಲದಿಂದ. ಅದಕ್ಕೆ ಎಲ್ಲ ವ್ಯವಸ್ಥೆಯೂ ಆಗಿದೆ."

"ಏನು ವ್ಯವಸ್ಥೆ?"

"ನೀವು ಒರಗಿ ಕೂತಿದ್ದೀರಲ್ಲ, ಅದೇ."

ಲಸ್ಸರ್ ತಿರುಗಿ ಕಲ್ಲಿನ ತೊಟ್ಟಿಯನ್ನು ನೋಡಿದಳು. ಆಮೇಲೆ ಕೊಲ್ಗುವಿನ ಉದ್ದವನ್ನು ನೋಡಿದಳು. ಅವನಿಗೆ ಕಿವಿ ಬಿಸಿಯಾಯಿತು. ಹೋದ ಶರತ್ಕಾಲದಲ್ಲಿ ಅವನಿಗೆ ಸ್ವಲ್ಪ ಕೆಮ್ಮು ಬಂದಿತ್ತು. ಕೆಮ್ಮು ನಿಂತ ವಾರವೇ ಎತ್ತಿನ ಬಂಡಿಯಲ್ಲಿ ಈ ತೊಟ್ಟಿ ಬಂತು. ಕರುಗಳಿಗೆ ನೀರಿಡಲು ತರಿಸಿದ್ದಾರೆ ಎಂದುಕೊಂಡು ಅವನು ಸಿಲ್ಲಾನನನ್ನು ಬಾಯಿತುಂಬ ಹೊಗಳಿದ್ದ, ಒಂದು ಮಧ್ಯಾಹ್ನ ಅದರ ಅಂಚಿನ ಮೇಲೆ ಕೂತು ಬಿಸಿಲು ಕಾಯಿಸಿಕೊಂಡಿದ್ದ. ಸಿಲ್ಲಾನ್ ಬಹಳ ಗೌರವದಿಂದ ಬಂದು, "ಉದ್ದ ಸರಿಯಾಗಿದೆಯೇ ಗುರುಗಳೇ, ಭುಜದ ಹತ್ತಿರ ಬಿಗಿ ಅನ್ನಿಸಿದರೆ ಕಲ್ಲುಕುಟಿಗ ಇನ್ನೂ ಊರಲ್ಲೇ ಇದ್ದಾನೆ" ಎಂದು ಕೇಳಿದಾಗ ತಿಳಿದದ್ದು. ಆ ರಾತ್ರಿ ಅವನಿಗೆ ನಿದ್ದೆ ಬಂದಿರಲಿಲ್ಲ. ಸಾವಿನ ಭಯವಲ್ಲ. ಸರಿಯಾಗಿದೆ ಎಂದು ತಾನು ಬಾಯಿತಪ್ಪಿ ಹೇಳಿಬಿಟ್ಟೆನಲ್ಲ ಎಂಬ ಅವಮಾನ. ಅಲ್ಲಿಯವರೆಗೆ ಖಾಲಿ ಯಾಕಿರಬೇಕು ಎಂದು ಬ್ರೊಕಾನ್ ಅದಕ್ಕೆ ನೀರು ತುಂಬಿ ಕರುಗಳನ್ನು ಬಿಡುತ್ತಿದ್ದ. ಅದೊಂದು ಸಮಾಧಾನ.

"ಒಳ್ಳೇ ಕಲ್ಲು," ಎಂದಳು ಲಸ್ಸರ್ ತೊಟ್ಟಿಯನ್ನು ತಟ್ಟಿ. "ಇದನ್ನೂ ಕಳಿಸಿಕೊಡಿ."

ಬಿಸಿಲು ಏರಿತು. ಮಠದ ಕೆಲಸಗಳು ನಡೆಯುತ್ತಿದ್ದವು, ಆದರೆ ಎಲ್ಲ ಕೆಲಸಗಳೂ ಹೇಗೋ ಈ ಅಂಗಳದ ಮೂಲಕವೇ ಹಾದುಹೋಗುತ್ತಿದ್ದವು. ಚರ್ಮ ಹೊತ್ತವನು ಒಮ್ಮೆ ಆ ಕಡೆಗೆ ಒಮ್ಮೆ ಈ ಕಡೆಗೆ ಹೋದ. ಗುಡಿಸಲಿನ ಒಳಗೆ ಕೂರುವುದು ಅಹಂಕಾರವೆನಿಸಿ, ನಿಂತೇ ಇರುವುದು ಕಾಲಿಗೆ ಆಗದೆ, ಕೊಲ್ಗು ಬಂದು ತೊಟ್ಟಿಯ ಇನ್ನೊಂದು ತುದಿಗೆ ಒರಗಿ ನೆಲದ ಮೇಲೆ ಕೂತ. ಅಡುಗೆಮನೆಯಿಂದ ಈರುಳ್ಳಿಸೊಪ್ಪಿನ ಸಾರಿನ ವಾಸನೆ ಬರುತ್ತಿತ್ತು. ಹೊಟ್ಟೆ ಒಂದು ದೊಡ್ಡ ಪ್ರಶ್ನೆ ಕೇಳಿತು. ಪಕ್ಕದಿಂದ ಅವಳ ಹೊಟ್ಟೆ ಉತ್ತರ ಕೊಟ್ಟಿತು. ಇಬ್ಬರೂ ಕೇಳಿಸದವರಂತೆ ಆಕಾಶ ನೋಡಿದರು.

"ಬ್ರೊಕಾನಾ," ಎಂದು ಅವನು ಕೂಗಿದ, "ಸಾರಿನ ಮೇಲೆ ಮುಚ್ಚಳ ಮುಚ್ಚೋ."

"ಮುಚ್ಚಿದ್ರೆ ಸೀದೋಗ್ತದೆ ಸ್ವಾಮಿಗಳೇ."

"ಸೀಯಲಿ ಬಿಡು," ಎಂದಳು ಲಸ್ಸರ್. "ಸೀದ ವಾಸನೆ ಬಂದ್ರೆ ನಮ್ಮಿಬ್ಬರಿಗೂ ಒಳ್ಳೇದೇ."

ಅವನಿಗೆ ನಗು ಬಂತು. ನಕ್ಕಾಗ ಹಲ್ಲು ಅಲ್ಲಾಡಿತು. ಎಷ್ಟು ಸುಲಭವಾಗಿ ನಗು ಬಂತು ಇವಳ ಪಕ್ಕದಲ್ಲಿ. ಚಿಕ್ಕಂದಿನಲ್ಲಿ ಡ್ರಿಮ್‌ಕೊಲ್‌ಗೆ ತೋಳ ಬಂದ ದಿನವೂ ಇಬ್ಬರೂ ಹೀಗೇ ಪಕ್ಕದಲ್ಲಿ ಕೂತಿದ್ದರು, ಕೊಟ್ಟಿಗೆಯ ಬೇಲಿಯ ಹತ್ತಿರ, ಬೆಂಕಿ ಕಾಯಿಸುತ್ತ. ತೋಳ ಬೇಲಿ ದಾಟಿ ನಿಂತು ನೋಡಿತು. ಅವನು ಓಡಲಾರದೆ ಮೊಣಕಾಲೂರಿ ಬಿದ್ದುಬಿಟ್ಟ. ತೋಳ ಹೊರಟುಹೋಯಿತು. ಬೆಳಗಾಗುವಷ್ಟರಲ್ಲಿ ಊರಿನ ಬಾಯಲ್ಲಿ ಅದು ಮಗು ಮೊಣಕಾಲೂರಿ ಪ್ರಾರ್ಥಿಸಿ ತೋಳವನ್ನು ಕಳಿಸಿದ ಕಥೆಯಾಗಿತ್ತು. ಆ ಕಥೆ ಕೇಳಿಯೇ ಮಠದವರು ಅವನನ್ನು ಕರೆದೊಯ್ದದ್ದು. ಈಗ ಆ ಕಥೆಯಲ್ಲಿ ತೋಳ ಅವನ ಪಾದ ನೆಕ್ಕುತ್ತದೆ. ಹೋದ ವರ್ಷ ಬಂದ ಯಾತ್ರಿಕನೊಬ್ಬ ಹೇಳಿದ ಪ್ರಕಾರ ಮಾತನ್ನೂ ಆಡುತ್ತದೆ.

"ಅಕ್ಕ, ನಾನು ಸಂತನಲ್ಲ ಕಣೇ," ಎಂದ ತಗ್ಗಿದ ದನಿಯಲ್ಲಿ.

"ನಂಗೆ ಹೇಳ್ತೀಯ? ತೋಳ ಹೋಗಿದ್ದು ನಾನು ಉರಿಯೋ ಕೊಳ್ಳಿ ಬೀಸಿ ಎಸೆದಿದ್ದಕ್ಕೆ. ಯಾರಿಗಾದ್ರೂ ಹೇಳಿದ್ದೀನಾ?"

"ಮತ್ತೆ? ನನ್ನ ಮೂಳೇಲಿ ಏನಿದೆ? ಸುಳ್ಳಲ್ವ ಅದು?"

"ನೀನು ಸಂತ ಅಲ್ಲ ಅಂತ ನಂಗೊತ್ತು, ನಿಂಗೊತ್ತು, ದೇವರಿಗೂ ಗೊತ್ತಿರಬೇಕು. ರಾಜನ ಸೈನಿಕರಿಗೆ ಗೊತ್ತಿಲ್ವಲ್ಲ. ಅಷ್ಟು ಸಾಕು ನಮಗೆ."

ಆಮೇಲೆ ಅವಳು ಹೇಳಿದಳು. ಗೋಳಾಡಲಿಲ್ಲ, ಪಕ್ಕದ ಮನೆಯವರ ಸುದ್ದಿ ಹೇಳುವಂತೆ ಹೇಳಿದಳು. ಪ್ರತಿ ಚಳಿಗಾಲವೂ ರಾಜನ ಸೈನಿಕರು ಡ್ರಿಮ್‌ಕೊಲ್‌ಗೆ ಬಂದು ಮನೆಮನೆಗೆ ಇಳಿದುಕೊಳ್ಳುತ್ತಾರೆ. ಹಾಸಿಗೆ ಅವರಿಗೆ, ಕೊಟ್ಟಿಗೆ ಮನೆಯವರಿಗೆ. ಬೆಣ್ಣೆ ಮುಗಿದರೆ ಕರು, ಕರು ಮುಗಿದರೆ ಕರೆಯುವ ಹಸು. ಈ ಸಲ ಬಿತ್ತನೆಯ ಓಟ್ಸ್ ಕೂಡ ಕುದಿಸಿ ತಿಂದರು. "ಗಂಜಿ ತೆಳ್ಳಗಾಯ್ತು ಅಂತ ಬೈದ್ರು ಬೇರೆ." ಪಕ್ಕದ ಹಳ್ಳಿಯಲ್ಲಿ ಎಂದೋ ಸತ್ತ ಒಬ್ಬ ತಪಸ್ವಿಯ ಗೋರಿಯಿದೆ. ಬದುಕಿದ್ದಾಗ ಅವನು ಯಾರ ಜೊತೆಗೂ ಮಾತಾಡದ ಸಿಡುಕ. ಆದರೆ ಗೋರಿಯಿರುವ ಊರಿನೊಳಗೆ ಕತ್ತಿ ಹಿಡಿದವರು ಕಾಲಿಡುವಂತಿಲ್ಲ. ಆ ಊರಲ್ಲಿ ಒಂದು ಕೋಳಿಯ ಪುಕ್ಕವೂ ಹೋಗಿಲ್ಲ. "ಆ ಸಿಡುಕನ ಮೂಳೆಗೇ ಅಷ್ಟು ಬೆಲೆ ಇದ್ರೆ ನಿನ್ನದಕ್ಕೆ ಇಲ್ವಾ ಅಂತ ಊರೋರೆಲ್ಲ ಸೇರಿ ಮಾತಾಡಿದ್ರು. ಯಾರು ಹೋಗಿ ಕೂರೋದು ಅಂದಾಗ ನನ್ನ ಕಡೆ ನೋಡಿದ್ರು. ತಿನ್ನದೆ ಇರೋದು ಈಗ ನಮಗೆಲ್ಲ ಅಭ್ಯಾಸ ಆಗಿದೆಯಲ್ಲ."

"ಸೈನಿಕರು ನಿಮ್ಮಲ್ಲಿಗೆ ಬಂದಿದ್ದು ಯಾವಾಗ?"

"ಮೊದಲ ಹಿಮ ಬಿದ್ದ ಮಾರನೇ ದಿನ."

ಮೊದಲ ಹಿಮ ಬಿದ್ದ ದಿನ ಅವನಿಗೆ ಚೆನ್ನಾಗಿ ನೆನಪಿತ್ತು. ಸೈನಿಕರು ಮಠದ ಸುತ್ತಲಿನ ಮಣ್ಣಿನ ದಿಬ್ಬದ ಆಚೆಗೇ ಭರ್ಜಿಗಳನ್ನು ನೆಟ್ಟು ನಿಂತಿದ್ದರು. ಬಿಷಪ್ಪನಿರುವ ದಿಬ್ಬದೊಳಗೆ ಕತ್ತಿ ಬರಕೂಡದು. ಅವನು ಬಿಸಿಹಾಲಿನ ಬಟ್ಟಲು ಹಿಡಿದೇ ದಿಬ್ಬದ ಮೇಲೆ ಹೋಗಿ ನಿಂತಿದ್ದ. ಕೆಂಪು ಮೂಗಿನ ಹುಡುಗುಮುಖದವರು, ಆಶೀರ್ವಾದ ಕೇಳಿದರು. ಬೇಗ ತೊಲಗಿದರೆ ಸಾಕೆಂದು ಅವನು ಎಡಗೈಯಲ್ಲಿ ಹಾಲು ಹಿಡಿದುಕೊಂಡು ಬಲಗೈ ಎತ್ತಿ, ನಿಮ್ಮ ದಾರಿ ಸುಖವಾಗಿರಲಿ ಎಂದಿದ್ದ. ದಾರಿ ಸುಖವಾಗಿಯೇ ಆಯಿತು. ಅದು ಡ್ರಿಮ್‌ಕೊಲ್‌ನ ದಾರಿ. ಹಾಲಿನ ಮೇಲೆ ಕೆನೆ ಕಟ್ಟಿತ್ತು ಅಂದು, ಅದನ್ನು ತುಟಿಯಿಂದ ಸರಿಸಿ ಕುಡಿದದ್ದು ಕೂಡ ಈಗ ತುಟಿಗೆ ನೆನಪಾಯಿತು.

ಮೂಳೆ ಕೊಡುತ್ತೇನೆ ಎಂದರೆ ಮುಗಿಯಿತು, ಇವಳು ಊಟ ಮಾಡುತ್ತಾಳೆ. ಆದರೆ ಹಾಗೆ ಹೇಳುವುದೆಂದರೆ ತಾನು ಸಂತನೆಂದು ತಾನೇ ಒಪ್ಪಿದಂತೆ. ಇಷ್ಟು ವರ್ಷ ಸನ್ಯಾಸಿಯಾಗಿ ಕಲಿತದ್ದೆಲ್ಲ ಒಂದೇ, ನಾನು ಏನೂ ಅಲ್ಲ ಎನ್ನುವುದು. ಅದನ್ನು ಎಷ್ಟು ಸಲ ಹೇಳಿದ್ದಾನೆ. ಹೇಳಿದಾಗಲೆಲ್ಲ ಎದುರಿಗಿದ್ದವರ ಕಣ್ಣಲ್ಲಿ ಭಕ್ತಿ ಇನ್ನೊಂದು ಗೇಣು ಏರುವುದನ್ನೂ ನೋಡಿದ್ದಾನೆ. ನಾಲಿಗೆ ಹಲ್ಲಿನ ಬುಡದಲ್ಲಿ ಕಂಡುಕೊಳ್ಳುತ್ತಿದ್ದ ಆ ಸಣ್ಣ ಸುಖವೇ ಅಲ್ಲವೇ ಇದೂ? ನಾನು ಸಂತನಲ್ಲ, ಆದ್ದರಿಂದ ಯಾರೂ ನನ್ನಿಂದ ಏನೂ ಕೇಳಬೇಡಿ. ನನ್ನ ಮೇಲೆ ಯಾರದೂ ದೂರಿಲ್ಲ, ಆದ್ದರಿಂದ ನಾನು ಎಲ್ಲಿಗೂ ಹೋಗಬೇಕಿಲ್ಲ. ಸಾಕುತಾಯಿ ಕಾಯಿಲೆ ಬಿದ್ದಾಗ ಸುದ್ದಿ ತಂದವನಿಗೂ ನಾಳೆ ಹೊರಡುತ್ತೇನೆ ಎಂದಿದ್ದ. ಹೊಸದಾಗಿ ಬಿಷಪ್ ಆದ ದಿನಗಳು, ರಾಜನ ಮನೆಯಲ್ಲಿ ಔತಣ, ಎದ್ದು ಬಂದರೆ ಮರ್ಯಾದೆಯಲ್ಲ. ಮಾರನೆಯ ದಿನ ಹೊಳೆ ತುಂಬಿತ್ತು. ಅದರ ಮಾರನೆಯ ದಿನ ಹೊಳೆ ಇಳಿದಿತ್ತು, ಆದರೆ ಅಷ್ಟರಲ್ಲಿ ಮಣ್ಣು ಮಾಡಿದ ಸುದ್ದಿ ಬಂತು. ಇನ್ನು ಹೋಗಿ ಏನು ಎಂದುಕೊಂಡ. ವರ್ಷ ಕಳೆದ ಮೇಲೆ ಹೋಗಲು ಮುಖವಿರಲಿಲ್ಲ. ನಾಚಿಕೆ ಅವನನ್ನು ಇಲ್ಲಿ ಕೂರಿಸಿತ್ತು, ಜನ ಅದನ್ನು ವೈರಾಗ್ಯ ಎಂದರು.

ಸಿಲ್ಲಾನ್ ಮತ್ತೆ ಬಂದ, ಈ ಸಲ ಮಠದ ಬೆಳ್ಳಿಯ ಶಿಲುಬೆ ಹಿಡಿದು. "ತಾಯಿ, ಇದನ್ನು ಒತ್ತೆಯಾಗಿ ತೆಗೆದುಕೊಂಡು ಏಳಿ. ಇತ್ಯರ್ಥ ಆಮೇಲೆ ನಿಧಾನವಾಗಿ ಮಾಡೋಣ."

"ನಾನು ಬೆಳ್ಳಿ ಕೇಳಿದ್ನಾ? ಮೈ ಕೇಳಿದ್ದೀನಿ. ಮೈಗೆ ಮೈಯೇ ಒತ್ತೆ. ನ್ಯಾಯ ನಿಮಗೆ ಗೊತ್ತಿಲ್ದೇ ಇರುತ್ತಾ?"

ಸಿಲ್ಲಾನನಿಗೆ ಗೊತ್ತಿತ್ತು. ಅವನು ಶಿಲುಬೆಯನ್ನು ತೋಳಿನಿಂದ ಒರೆಸುತ್ತ ನಿಂತ. ಪಾಪ, ಅವನದೂ ದುರಾಸೆಯಲ್ಲ. ಕೊಲ್ಗು ಕಣ್ಣು ಮುಚ್ಚಿದ ಮೇಲೆ ಈ ದಿಬ್ಬವನ್ನು ಕಾಯುವವರು ಯಾರು ಎಂಬ ಭಯ. ಎಲ್ಲರಿಗೂ ಒಂದು ಬೇಲಿ ಬೇಕಾಗಿತ್ತು, ಬೇಲಿಗೆ ಒಂದು ಮೂಳೆ ಬೇಕಾಗಿತ್ತು.

ಕೊಲ್ಗುವಿಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. ಹಸಿವೆಯ ಸಿಟ್ಟಿರಬಹುದು. "ಎಲ್ಲರೂ ಮೂಳೆ ಮೂಳೆ ಅಂತೀರಲ್ಲ," ಎಂದ. "ಮೂಳೆ ಮೇಲೆ ಇನ್ನೂ ನಾನಿದ್ದೀನಿ. ಅಕ್ಕ, ನೀನೂ ಅಷ್ಟೇ. ಇಷ್ಟು ದೂರ ನಡ್ಕೊಂಡು ಬಂದೆ. ಬಾರೋ ಕರೂ ಊರಿಗೆ, ಅಂತ ಒಂದು ಮಾತು ಕರೆದಿದ್ಯಾ?"

ಲಸ್ಸರ್ ಅವನ ಕಡೆ ತಿರುಗಿದಳು. ಅವಳ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು. ಬೈಗುಳವಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

"ಬದುಕಿದ್ದಾಗ ನೀನು ಬರ್ತೀಯ ಅಂತ ನಮಗೆ ಹೊಳೀಲೇ ಇಲ್ಲ ಕಣೋ," ಎಂದಳು. "ಅಮ್ಮ ಸತ್ತಾಗ್ಲೇ ಬರಲಿಲ್ಲ ನೀನು. ಸತ್ತ ಮೇಲಾದ್ರೆ ನಾವೇ ಬಂದು ಹೊತ್ಕೊಂಡು ಹೋಗಬಹುದಲ್ಲ."

ಒಂದು ಕರು ಬಂದು ತೊಟ್ಟಿಗೆ ಮೂತಿ ಇಳಿಸಿತು. ಅದು ನೀರು ಹೀರುವ ಸದ್ದನ್ನು ಅವನು ಕೇಳುತ್ತ ಕೂತ. ಯಾರೂ ಅವನನ್ನು ದೂರಿರಲಿಲ್ಲ. ಅದರ ಅರ್ಥ ಇಷ್ಟೇ ಇತ್ತು: ಯಾರೂ ಅವನಿಂದ ಏನನ್ನೂ ನಿರೀಕ್ಷಿಸಿರಲಿಲ್ಲ. ಡ್ರಿಮ್‌ಕೊಲ್‌ನ ಜನ ಬೆಂಕಿಯ ಸುತ್ತ ಕೂತು ಎಲ್ಲ ದಾರಿಗಳನ್ನೂ ಯೋಚಿಸಿದ್ದಾರೆ, ಸತ್ತ ಅವನನ್ನು ಹೊರಲು ಚಟ್ಟ ಕಟ್ಟುವುದನ್ನೂ ಯೋಚಿಸಿದ್ದಾರೆ, ಕಾಲಿರುವ ಅವನು ನಡೆದು ಬರಬಹುದೆಂದು ಮಾತ್ರ ಒಬ್ಬರಿಗೂ ತೋಚಿಲ್ಲ. ಬಿಷಪ್ಪನಿರುವ ದಿಬ್ಬದೊಳಗೆ ಕತ್ತಿ ಬರಕೂಡದು. ಆ ದಿಬ್ಬ ಇಲ್ಲಿಯದೇ ಆಗಿರಬೇಕೆಂದು ಯಾರು ಹೇಳಿದರು? ಯೋಚನೆ ಎಷ್ಟು ಸರಳವಾಗಿತ್ತೆಂದರೆ ಅವನಿಗೆ ಮತ್ತೆ ನಾಚಿಕೆಯಾಯಿತು. ಸಂತನೋ ಅಲ್ಲವೋ ಎಂಬುದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಬಿಷಪ್ ಎಂಬುದಂತೂ ಸುಳ್ಳಲ್ಲವಲ್ಲ.

ಅವನು ತೊಟ್ಟಿಯ ಅಂಚು ಹಿಡಿದು ಎದ್ದ. ಮೊಣಕಾಲು ಎರಡು ಸಲ ಕಟಕಟ ಎಂದಿತು.

"ಕೊಟ್ಟೆ," ಎಂದ ಎಲ್ಲರಿಗೂ ಕೇಳುವಂತೆ. "ಮೂಳೆ ಕೊಟ್ಟೆ. ಆದರೆ ಹೊತ್ಕೊಂಡು ಹೋಗೋದು ಬೇಡ. ಅವೇ ನಡ್ಕೊಂಡು ಬರ್ತವೆ. ಇವತ್ತೇ."

ಲಸ್ಸರ್ ತಕ್ಷಣ ಏಳಲಿಲ್ಲ. "ಇವತ್ತೇ ಅಂದ್ರೆ ಇವತ್ತೇನಾ, ನಾಳೇನಾ?"

"ಇವತ್ತೇ."

"ಹೊಳೆ ಗಿಳೆ ತುಂಬಿದ್ರೆ?"

"ನೀನು ಮೊದಲು ಇಳಿ, ನಿನ್ನ ಕಂಬಳಿ ಹಿಡ್ಕೊಂಡು ನಾನು ಬರ್ತೀನಿ."

"ಎಷ್ಟು ದಿನ ಇರ್ತೀಯ?"

"ಮೂಳೆ ಅಂದ್ಮೇಲೆ ವಾಪಸು ಬರೋದಕ್ಕಾಗುತ್ತಾ?"

ಅವಳು ಅವನನ್ನೇ ನೋಡಿದಳು, ಸಂತೆಯಲ್ಲಿ ಹಸುವಿನ ಕಣ್ಣು ನೋಡಿ ಅದರ ಹಾಲು ಅಳೆಯುವ ಹಾಗೆ. ಆಮೇಲೆ ಕೈ ಚಾಚಿದಳು. ಅವನು ಎಬ್ಬಿಸಿದ. ಎದ್ದು ನಿಂತು, ಕಂಬಳಿಯ ಒಳಗಿನಿಂದ ಒಂದು ಗಂಟು ತೆಗೆದು ಬಿಚ್ಚಿದಳು. ದಾರಿಗೆಂದು ಊರಲ್ಲಿ ಕಟ್ಟಿಕೊಟ್ಟ ಓಟ್ಸ್ ರೊಟ್ಟಿ, ಹೊಟ್ಟನ್ನೇ ಹೆಚ್ಚಾಗಿ ಬೆರೆಸಿದ್ದು, ಕಲ್ಲಿನಷ್ಟು ಗಟ್ಟಿ. ಅದನ್ನು ತೊಟ್ಟಿಯ ಅಂಚಿಗೆ ಬಡಿದು ಮುರಿದಳು. ಅರ್ಧ ಅವನಿಗೆ ಕೊಟ್ಟಳು.

"ತಿನ್ನು. ಉಪವಾಸ ಮುಗೀತು."

ಬ್ರೊಕಾನ್, "ಸಾರು ಇದೆ ಸ್ವಾಮಿಗಳೇ, ಬಿಸಿ ಇದೆ, ಸೀದಿಲ್ಲ" ಎನ್ನುತ್ತ ಹಿಂದೆ ಬಂದ. ಕೊಲ್ಗುವಿಗೆ ಅದು ಕೇಳಿಸಲಿಲ್ಲವೆಂದಲ್ಲ. ಆ ಸಾರಿನ ಮುಂದೆ ಒಮ್ಮೆ ಕೂತರೆ ನಾಳೆ ಹೊರಡೋಣ ಎನ್ನುವ ನಾಲಿಗೆ ತನ್ನದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಊರುಗೋಲು ತೆಗೆದುಕೊಂಡ. ಕೈಗಂಟೆ ತೆಗೆದುಕೊಂಡ. ಇನ್ನೇನೂ ತೆಗೆದುಕೊಳ್ಳುವಂಥದ್ದು ಇರಲಿಲ್ಲ, ಅದು ಅವನಿಗೇ ಸ್ವಲ್ಪ ಆಶ್ಚರ್ಯ. ರೊಟ್ಟಿಯ ಚೂರನ್ನು ಬಾಯಿಗೆ ಹಾಕಿಕೊಂಡು, ಬಲದವಡೆಯಲ್ಲೇ ಜೋಪಾನವಾಗಿ ಅಗಿಯುತ್ತ ದಿಬ್ಬದ ಬಾಗಿಲ ಕಡೆ ನಡೆದ.

ಬಾಗಿಲಿಗೆ ಅಡ್ಡಲಾಗಿ ಸಿಲ್ಲಾನ್ ಕೂತಿದ್ದ. ಕೆಸರಿನಲ್ಲೇ, ಕಾಲು ಮಡಚಲು ಬಾರದೆ ಮುಂದಕ್ಕೆ ಚಾಚಿ, ಶಿಲುಬೆಯನ್ನು ಮಡಿಲಲ್ಲಿಟ್ಟುಕೊಂಡು. ಕಣ್ಣಲ್ಲಿ ನೀರಿತ್ತು.

"ನಾನೂ ಕೂತಿದ್ದೇನೆ ಗುರುಗಳೇ," ಎಂದ. "ನಿಮ್ಮ ಮೇಲೆ. ಈ ಮಠದ ಪರವಾಗಿ. ನನಗೂ ಅದೇ ಬೇಕು."

ಕೊಲ್ಗು ಅಗಿಯುವುದನ್ನು ನಿಲ್ಲಿಸಿದ. ಬಾಯಿತುಂಬ ರೊಟ್ಟಿ. ನುಂಗಿದರೆ ಮಾನ ಹೋಯಿತು, ಆಮೇಲೆ ಅವನ ಹೆಸರು ಕೇಳಿ ಯಾವ ಸೈನಿಕನೂ ಭರ್ಜಿ ಇಳಿಸುವುದಿಲ್ಲ. ಉಗುಳೋಣವೆಂದರೆ ಡ್ರಿಮ್‌ಕೊಲ್‌ನಲ್ಲಿ ಕಡೆಯದಾಗಿ ಉಳಿದ ಹಿಟ್ಟು. ಲಸ್ಸರ್ ಅವನ ಗಂಟಲನ್ನೇ ನೋಡುತ್ತಿದ್ದಳು. ಸನ್ಯಾಸಿಗಳೆಲ್ಲ ಅವನ ಗಂಟಲನ್ನೇ ನೋಡುತ್ತಿದ್ದರು. ಇಡೀ ಜನ್ಮದಲ್ಲಿ ಅವನ ಗಂಟಲನ್ನು ಇಷ್ಟು ಜನ ನೋಡಿರಲಿಲ್ಲ, ಒಳ್ಳೆಯ ಉಪದೇಶ ಮಾಡಿದ ದಿನ ಕೂಡ.

"ನುಂಗಬೇಡ ಕರೂ," ಎಂದಳು ಲಸ್ಸರ್ ಮೆಲ್ಲಗೆ.

ಅವನು ತುತ್ತನ್ನು ಎಡದವಡೆಗೆ ಸರಿಸಿದ, ಯೋಚಿಸಲು ಜಾಗ ಮಾಡಿಕೊಳ್ಳುವವನಂತೆ. ಅಲ್ಲಿ ಏನೋ ಗಟ್ಟಿಯಾದದ್ದು ರೊಟ್ಟಿಯ ಜೊತೆ ತಿರುಗಿತು. ಹೊಟ್ಟಿನ ಕಲ್ಲೆಂದುಕೊಂಡ. ನಾಲಿಗೆ ಅಭ್ಯಾಸದಂತೆ ಹಲ್ಲಿನ ಬುಡಕ್ಕೆ ಹೋಯಿತು. ಅಲ್ಲಿ ಹಲ್ಲಿರಲಿಲ್ಲ.

ಎರಡು ಬೆರಳು ಬಾಯಿಗೆ ಹಾಕಿ ತೆಗೆದ. ಉದ್ದ ಬೇರಿನ, ಹಳದಿಯಾದ, ತುದಿಯಲ್ಲಿ ಒಂದು ಹನಿ ರಕ್ತವಿದ್ದ ಹಲ್ಲು. ಅಂಗಿಯ ಅಂಚಿನಲ್ಲಿ ಒರೆಸಿ, ಬಗ್ಗಿ, ಸಿಲ್ಲಾನನ ಅಂಗೈ ಬಿಡಿಸಿ ಅದರ ನಡುವೆ ಇಟ್ಟ. ಬಾಯಲ್ಲಿ ತುತ್ತಿದ್ದುದರಿಂದ ಮಾತಾಡಲಾಗಲಿಲ್ಲ. ಮಾತು ಲಸ್ಸರಳೇ ಆಡಿದಳು.

"ಮೈಗೆ ಮೈ. ಒತ್ತೆ ಬಂತು. ಏಳಿ ಸ್ವಾಮಿ, ಕೆಸರಲ್ಲಿ ಶೀತ ಆಗುತ್ತೆ."

ಸಿಲ್ಲಾನ್ ಅಂಗೈಯನ್ನು ನೋಡಿದ. ನೋಡುತ್ತ ನೋಡುತ್ತ ಅವನ ಮುಖ ಬದಲಾಯಿತು. ಅಳು ಅರ್ಧದಲ್ಲೇ ನಿಂತಿತು, ಬೆರಳುಗಳು ತಾವಾಗಿಯೇ ಹಲ್ಲಿನ ಸುತ್ತ ಗುಡಿ ಕಟ್ಟಿದವು. "ಬ್ರೊಕಾನ್," ಎಂದ ಪಿಸುದನಿಯಲ್ಲಿ, "ಉಪ್ಪಿನ ಡಬ್ಬಿ ಖಾಲಿ ಮಾಡಿ ತಾ. ಬೇಡ, ಉಪ್ಪಿನದು ಬೇಡ. ಜೇನಿನದು." ಕೂತಲ್ಲೇ ಒಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಕೊಲ್ಗು ನುಂಗಿದ. ಓಟ್ಸು, ಹೊಟ್ಟು, ಒಂದಿಷ್ಟು ಉಪ್ಪುಪ್ಪಾದ ರಕ್ತ. ಗಂಟಲು ಕೆರೆಯುತ್ತ ಇಳಿಯಿತು.

ದಿಬ್ಬ ದಾಟಿದ ಮೇಲೆ ದಾರಿ ಇಳಿಜಾರು. ಅವನು ಒಂದು ಕೈಯಲ್ಲಿ ಕೋಲೂರುತ್ತ, ಇನ್ನೊಂದು ಕೈಯಲ್ಲಿ ಗಂಟೆ ಸದ್ದಾಗದಂತೆ ಅದರ ನಾಲಗೆ ಹಿಡಿದುಕೊಂಡು ಇಳಿದ. ಲಸ್ಸರ್ ಮುಂದೆ ಮುಂದೆ ನಡೆಯುತ್ತಿದ್ದಳು, ಅವಳ ನಡಿಗೆ ಇನ್ನೂ ಕರು ಅಟ್ಟುವ ಹುಡುಗಿಯದೇ.

"ಅಕ್ಕ," ಎಂದು ಕರೆದ. "ಅಮ್ಮನ್ನ ಎಲ್ಲಿ ಮಣ್ಣು ಮಾಡಿದ್ರಿ?"

"ಹಳೇ ಕೊಟ್ಟಿಗೆ ಹಿಂದೆ. ಪಕ್ಕದಲ್ಲಿ ಸ್ವಲ್ಪ ಜಾಗ ಬಿಟ್ಟಿದ್ವಿ." ಅವಳು ತಿರುಗಿ ನೋಡಲಿಲ್ಲ. "ಈಗ ಅಲ್ಲಿ ಈರುಳ್ಳಿ ಹಾಕಿದ್ದೀನಿ. ನಿಂಗೇನೂ ಅವಸರ ಇಲ್ವಲ್ಲ?"

"ಇಲ್ಲ ಇಲ್ಲ," ಎಂದ ಅವನು. "ಬೆಳೀಲಿ."

ಅಭ್ಯಾಸಬಲದಿಂದ ನಾಲಿಗೆ ಮತ್ತೆ ಆ ಜಾಗಕ್ಕೆ ಹೋಯಿತು. ಮೆತ್ತಗಿತ್ತು, ಬೆಚ್ಚಗಿತ್ತು, ತೂಗಲು ಅಲ್ಲಿ ಏನೂ ಇರಲಿಲ್ಲ. ಅವನು ಗಂಟೆಯ ನಾಲಗೆಯನ್ನು ಹಿಡಿದಿದ್ದ ಬೆರಳು ಸಡಿಲ ಬಿಟ್ಟ. ಹೆಜ್ಜೆಗೊಮ್ಮೆ ಗಂಟೆ ಬಡಿಯತೊಡಗಿತು, ದನದ ಕೊರಳಿನದರ ಹಾಗೆ.